ಗಾಲಿಯ ತೊಗಲು ಸುಲಿಯಬೇಡಿ

2023ರ ಖಂಡೆ ನವಮಿಯ ದಿನ ನಾನು ಒಂದು ದಡ್ಡ ಕೆಲಸ ಮಾಡಿದೆ. ಮುಚ್ಚಿಡಬಹುದಿತ್ತು. ಆದರೆ ಈಗ ನಮ್ಮ ಕಂದಲಗಾಂವದ ಕಡೆಗೂ, ಅತ್ತ ಅಕ್ಕಲಕೋಟೆ, ಇತ್ತ ಇಂಡಿ, ಚಡಚಣದ ಕಡೆಗೂ ಓಣಿಗೆ ನಾಕು ಕಾರು ನಿಂತಿರುತ್ತಾವ. ಅದರಾಗ ಎಷ್ಟಕ್ಕೋ ಫಳಫಳ ಹೊಳೆಯುವ ಅಲಾಯ್ ಗಾಲಿ. ನನ್ನ ತಪ್ಪು ಇನ್ನೊಬ್ಬರ ಮನೆಯಲ್ಲಿ ಆಗಬಾರದೆಂದು ಬರೆಯುತ್ತಿದ್ದೇನೆ.

ಪುಣೆಯಲ್ಲಿ ನೌಕರಿ ಮಾಡುವ ಮಗ ಹಬ್ಬಕ್ಕೆ ಕಾರು ತಂದಿದ್ದ. ಮರುದಿನ ಪೂಜೆ. ಗಾಲಿ ನೋಡಿದರೆ ಮುಂದಿನ ಎರಡಕ್ಕೆ ಕಂದು ಕೊಳೆ ಹತ್ತಿತ್ತು, ಮೇಲೆ ಬೋರಿನ ನೀರಿನ ಬಿಳಿ ಕಲೆ. ಸೋಪು ಹಚ್ಚಿದೆ, ಹೋಗಲಿಲ್ಲ. ಕಬ್ಬಿನ ಡ್ರಿಪ್ ಪೈಪಿನೊಳಗೆ ಕಟ್ಟಿದ ಸುಣ್ಣ ತೆಗೆಯಲು ತಂದಿಟ್ಟ ಹೈಡ್ರೋಕ್ಲೋರಿಕ್ ಆ್ಯಸಿಡ್ ಪಂಪ್‌ಸೆಟ್ ಖೋಲಿಯಲ್ಲಿತ್ತು. ಪೈಪಿನ ಸುಣ್ಣ ಹೋಗುತ್ತದೆಂದರೆ ಗಾಲಿಯ ಸುಣ್ಣ ಹೋಗದೇನು ಎಂದು ಲೆಕ್ಕ ಹಾಕಿದೆ. ನೀರಿಗೆ ಆ್ಯಸಿಡ್ ಹಾಕಬೇಕು, ಆ್ಯಸಿಡ್‌ಗೆ ನೀರು ಹಾಕಬಾರದು ಎಂಬಷ್ಟು ಜಾಣತನ ಇತ್ತು. ಅದಕ್ಕಿಂತ ಮುಂದಿನದು ಇರಲಿಲ್ಲ. ನಾಕೂ ಗಾಲಿಗೆ ಹಚ್ಚಿ, ಚಹಾ ಕುಡಿದು ಬಂದು ಉಜ್ಜಿದೆ.

ಕೊಳೆ ಹೋಯಿತು. ಅಲ್ಲಲ್ಲಿ ಬಣ್ಣ ಕೆತ್ತಿದ ಕಡೆ ಸಣ್ಣಗೆ ಬುರುಗು ಎದ್ದಿತ್ತು. ಒಣಗಿದ ಮೇಲೆ ಗಾಲಿಯ ಹೊಳಪು ಮಜ್ಜಿಗೆ ಚೆಲ್ಲಿದಂತೆ ಮಬ್ಬಾಯಿತು. "ಯಪ್ಪಾ, ಏನ್ ಹಚ್ಚಿದಿ?" ಎಂದು ಮಗ ಕೇಳಿದ. "ಸೋಪು" ಎಂದೆ. ಆ ಸುಳ್ಳೇ ಮುಂದೆ ತುಟ್ಟಿಯಾಯಿತು.

2024ರ ಮಾರ್ಚಿನಲ್ಲಿ ಮಗ, ಸೊಸೆ, ಎರಡು ವರ್ಷದ ಮೊಮ್ಮಗಳು ವಿಜಯಪುರಕ್ಕೆ ಹೊರಟರು. ಮುಂದಿನ ಎಡಗಡೆ ಗಾಲಿಗೆ ಒಂದು ತಿಂಗಳಿಂದ ಎಂಟು ದಿನಕ್ಕೊಮ್ಮೆ ಗಾಳಿ ತುಂಬಿಸುತ್ತಿದ್ದ. ಪಂಕ್ಚರ್ ಇಲ್ಲ ಎಂದು ನೋಡಿದವರೆಲ್ಲ ಹೇಳಿದ್ದರು. ಸೊಲ್ಲಾಪುರ–ವಿಜಯಪುರ ಹೆದ್ದಾರಿ ಈಗ ಮೊದಲಿನಂತಿಲ್ಲ. 2021ರ ಫೆಬ್ರುವರಿಯಲ್ಲಿ ಅದರ 25.54 ಕಿ.ಮೀ. ಉದ್ದದ ಒಂದು ಲೇನಿಗೆ 18 ತಾಸಿನಲ್ಲಿ ಡಾಂಬರು ಹಾಕಿದ್ದು ದೇಶವೆಲ್ಲ ಸುದ್ದಿಯಾಗಿತ್ತು. ಅಂಥ ರಸ್ತೆಯಲ್ಲಿ ಯಾರೂ ನಿಧಾನ ಹೋಗುವುದಿಲ್ಲ. ಕತ್ತಲಾದ ಮೇಲೆ ಸ್ಟೀರಿಂಗ್ ಎಡಕ್ಕೆ ಎಳೆಯತೊಡಗಿತಂತೆ. ಪುಣ್ಯಕ್ಕೆ ಮಗ ಕೂಡಲೇ ಬದಿಗೆ ನಿಲ್ಲಿಸಿದ. ಟಾಯರ್ ಅರ್ಧ ಕೂತಿತ್ತು, ಮುಟ್ಟಿದರೆ ಕೈ ಸುಡುತ್ತಿತ್ತು. ಗಾಳಿ ಕಡಿಮೆಯಾದ ಟಾಯರ್ ಓಡುವಾಗ ಮಡಚಿ ಮಡಚಿ ಕಾಯುತ್ತದೆ; ಇನ್ನಷ್ಟು ದೂರ ಅದೇ ವೇಗದಲ್ಲಿ ಹೋಗಿದ್ದರೆ ಒಡೆಯಬಹುದಿತ್ತು.

ತುಪ್ಪು ಅಲ್ಲ, ಬಿಳಿ ಪುಡಿ

ಮರುದಿನ ಸೊಲ್ಲಾಪುರದ ಟಾಯರ್ ಅಂಗಡಿಗೆ ನಾನೂ ಹೋದೆ. ನಮ್ಮ ಮನೆಯಲ್ಲಿ ತೆಲುಗು, ಹೊಲದಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. ಅಂಗಡಿಯ ಹುಡುಗ ಪೂರ್ವ ಭಾಗದ ತೆಲುಗಿನವನು. ಟಾಯರ್ ಬಿಚ್ಚಿ, ರಿಮ್ಮಿನ ಅಂಚಿಗೆ ಬೆರಳು ಸವರಿ ತೋರಿಸಿದ. ಬೆರಳಿಗೆ ಬಿಳಿ ಪುಡಿ ಹತ್ತಿತ್ತು. "ಇದಿ ತುಪ್ಪು ಕಾದು ಬಾಬಾಯ್" ಎಂದ. ತೆಲುಗಿನ ತುಪ್ಪು ಎಂದರೆ ನಮ್ಮ ತುಕ್ಕು. ಪಕ್ಕದಲ್ಲಿದ್ದ ಸೊಸೆ ವಿಜಯಪುರದ ಕಡೆಯವಳು. "ಗಾಲ್ಯಾಗ ತುಪ್ಪ ಎಲ್ಲಿಂದ ಬಂತ್ರಿ ಮಾವಾರ?" ಎಂದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಟಾಯರಿನ ಅಂಚು ರಿಮ್ಮಿಗೆ ಒತ್ತಿ ಕೂಡುವ ಜಾಗದಲ್ಲಿ ನನ್ನ ಆ್ಯಸಿಡ್ ನುಸುಳಿತ್ತು. ನಾನು ಹೊರಗಷ್ಟೇ ತೊಳೆದಿದ್ದೆ. ಒಳಗೆ ಉಳಿದದ್ದು ಐದು ತಿಂಗಳು ಮೆಲ್ಲಗೆ ತಿಂದು ಗುಳಿ ಮಾಡಿತ್ತು. ಗಾಳಿ ಹೋಗುತ್ತಿದ್ದುದು ಆ ಗುಳಿಗಳಿಂದ. ಅಲ್ಲೇ ನಿಂತು ನಿಜ ಹೇಳಿದೆ.

ಕಬ್ಬಿಣ ಕೆಂಪಗೆ ತುಕ್ಕು ಹಿಡಿದರೆ ಅಲ್ಯೂಮಿನಿಯಂ ಬೆಳ್ಳಗೆ ಪುಡಿಯಾಗುತ್ತದೆ. ಅಲಾಯ್ ಗಾಲಿ ಎಂದರೆ ಬಹುಪಾಲು ಅಲ್ಯೂಮಿನಿಯಂ. ಸಾಮಾನ್ಯವಾಗಿ ನೂರಕ್ಕೆ ಸುಮಾರು 7 ಪಾಲು ಸಿಲಿಕಾನ್, ಚೂರು ಮೆಗ್ನೀಸಿಯಂ ಸೇರಿಸಿ ಎರಕ ಹೊಯ್ದಿರುತ್ತಾರೆ. ನಮ್ಮ ಅವ್ವಂದಿರು 'ಜರ್ಮನ್ ಭಾಂಡೆ' ಎನ್ನುತ್ತಿದ್ದ ಪಾತ್ರೆಯ ಸಂಬಂಧಿಕ ಇದು. ಈ ಲೋಹಕ್ಕೆ ಗಾಳಿ ತಗುಲಿದ ಕೂಡಲೇ ಮೇಲೆ ತೆಳ್ಳನೆಯ ಒಂದು ತೊಗಲು ಬೆಳೆಯುತ್ತದೆ. ಮಿಲಿಮೀಟರಿನ ಹತ್ತು ಲಕ್ಷ ಪಾಲಿನಲ್ಲಿ ಕೆಲವೇ ಪಾಲಿನಷ್ಟು ದಪ್ಪ. ಆ ತೊಗಲೇ ಲೋಹವನ್ನು ಕಾಯುತ್ತದೆ. ಅದರ ಮೇಲೆ ಕಾರ್ಖಾನೆಯವರು ಬಣ್ಣ ಬಳಿದು, ಕೊನೆಗೆ ಪಾರದರ್ಶಕ ಲ್ಯಾಕರ್ ಹೊದಿಸುತ್ತಾರೆ. ನಾವು ಹೊಳಪು ಎಂದು ಮೆಚ್ಚುವುದು ಆ ಲ್ಯಾಕರನ್ನೇ. ತೊಳೆಯುವುದೆಂದರೆ ಈ ತೊಗಲಿನ ಮೇಲಿನ ಕೊಳೆ ತೆಗೆಯುವುದು, ತೊಗಲನ್ನೇ ಸುಲಿಯುವುದಲ್ಲ. ಕಾರಹುಣ್ಣಿಮೆಗೆ ಎತ್ತಿನ ಮೈ ತೊಳೆಯುವಾಗ ಯಾರಾದರೂ ಇಟ್ಟಂಗಿ ಹಿಡಿದು ಉಜ್ಜುತ್ತಾರೇನು?

ಮಣ್ಣಿನ ಕಾರ್ಡಿನ ಲೆಕ್ಕ

ಮಣ್ಣು ಪರೀಕ್ಷೆಯ ಕಾರ್ಡಿನಲ್ಲಿ ಪಿ.ಎಚ್. ಎಂಬ ಕಾಲಂ ನೋಡಿದ್ದೀರಿ. 7 ಎಂದರೆ ಸಮ, ಕೆಳಗೆ ಹೋದರೆ ಹುಳಿ, ಮೇಲೆ ಹೋದರೆ ಸವಳು. ನಮ್ಮ ಎರೆಮಣ್ಣು 8 ದಾಟುವುದು ಹೊಸದೇನಲ್ಲ. ಅಲ್ಯೂಮಿನಿಯಂನ ತೊಗಲು ಸುಮಾರು 4ರಿಂದ 8.5ರವರೆಗೆ ತಾಳಿಕೊಳ್ಳುತ್ತದೆ. ಅದರ ಎರಡೂ ಕಡೆ ಕರಗುತ್ತದೆ. ನನ್ನ ಆ್ಯಸಿಡ್ 1ರ ಆಸುಪಾಸಿನದು. ಕಾಸ್ಟಿಕ್ ಸೋಡಾ 13, 14ರದು. ಅದೂ ಅಷ್ಟೇ ಕೆಟ್ಟದ್ದು. ಬೆಳಗಾವಿಯ ಹಿಂಡಾಲ್ಕೊ, ಹಳಬರ ಬಾಯಲ್ಲಿ ಇಂಡಾಲ್ ಕಾರ್ಖಾನೆ, ಬಾಕ್ಸೈಟ್ ಅದಿರಿನಿಂದ ಅಲ್ಯೂಮಿನಾ ತೆಗೆಯುವುದು ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿ ಕರಗಿಸಿಯೇ. ಕಲ್ಲಿನೊಳಗಿಂದ ಎಳೆದು ಕರಗಿಸುವ ಪದಾರ್ಥ ಗಾಲಿಯ ತೊಗಲನ್ನು ಬಿಟ್ಟೀತೆ?

ಆದ್ದರಿಂದ ಸಂಡಾಸು ತೊಳೆಯುವ ಆ್ಯಸಿಡ್, ಕಾಸ್ಟಿಕ್ ಸೋಡಾ, ಒಲೆಯ ಬೂದಿ, ತಂತಿಯ ಜುಂಗು, ಮರಳು ಇವು ಗಾಲಿಯ ಹತ್ತಿರ ಬರಬಾರದು. ಆ್ಯಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಒಂದೇ ಬಕೀಟಿನಲ್ಲಿ ಬೀಳಲೇಬಾರದು. ಕ್ಲೋರಿನ್ ವಿಷಗಾಳಿ ಏಳುತ್ತದೆ.

ಇನ್ನೊಂದು ಮಾತು ವಾಷಿಂಗ್ ಸೆಂಟರ್ ಇಟ್ಟವರಿಗೆ, ಅಲ್ಲಿ ದುಡಿಯುವ ಹುಡುಗರಿಗೆ. ಗಾಲಿ ತೊಳೆಯುವ ಕೆಲವು ಖಡಕ್ ದ್ರಾವಣಗಳಲ್ಲಿ ಹೈಡ್ರೋಫ್ಲೋರಿಕ್ ಆ್ಯಸಿಡ್ ಇಲ್ಲವೆ ಅಮೋನಿಯಂ ಬೈಫ್ಲೋರೈಡ್ ಇರುತ್ತದೆ. ಇದು ಕೈಗೆ ತಾಗಿದಾಗ ಕೂಡಲೇ ಉರಿಯದೆ, ಕೆಲವು ತಾಸಿನ ಮೇಲೆ ನೋವು ಶುರುವಾಗಬಹುದು. ಅಷ್ಟರಲ್ಲಿ ಒಳಗೆ ಎಲುಬಿನವರೆಗೆ ಇಳಿದಿರುತ್ತದೆ, ರಕ್ತದ ಕ್ಯಾಲ್ಸಿಯಂ ಕೆಡಿಸಿ ಜೀವಕ್ಕೂ ಎರವಾಗಬಹುದು. ತಾಗಿದರೆ ಹರಿಯುವ ನೀರಿನಲ್ಲಿ ತೊಳೆಯುತ್ತ, ನೋವಿಗೆ ಕಾಯದೆ, ಬಾಟಲಿ ಸಮೇತ ಆಸ್ಪತ್ರೆಗೆ ಹೋಗಬೇಕು. ಅದಕ್ಕೆ ಕ್ಯಾಲ್ಸಿಯಂ ಗ್ಲುಕೋನೇಟ್ ಎಂಬ ಔಷಧ ಉಂಟು. ಲೇಬಲ್ ಇಲ್ಲದ ಕ್ಯಾನಿನ ದ್ರಾವಣಕ್ಕೆ ಬರಿಗೈ ಹಾಕಬೇಡ್ರಪ್ಪಾ.

ತೊಳೆಯುವ ಸರಿಯಾದ ರೀತಿ

ಮೊದಲು ಗಾಲಿ ತಣ್ಣಗಿರಬೇಕು. ದೂರದಿಂದ ಬಂದ ಕಾರಿನ ಬ್ರೇಕ್ ಡಿಸ್ಕ್ ಕಾದಿರುತ್ತದೆ. ಅದಕ್ಕೆ ತಣ್ಣೀರು ಹೊಡೆದರೆ ಡಿಸ್ಕ್ ಡೊಂಕಾಗಬಹುದು, ಹಚ್ಚಿದ ಸೋಪೂ ಅಲ್ಲೇ ಒಣಗುತ್ತದೆ. ಬೆಳಿಗ್ಗೆ ನೆರಳಿನಲ್ಲಿ, ಒಂದು ಸಲಕ್ಕೆ ಒಂದೇ ಗಾಲಿ ತೊಳೆಯಿರಿ.

ಉಜ್ಜುವ ಮೊದಲು ನೀರು ಹೊಡೆದು ಮಣ್ಣು, ಮರಳು ಇಳಿಸಬೇಕು. ಎರೆಮಣ್ಣು ಒಣಗಿದ್ದರೆ ನೆನೆಯಲು ಬಿಡಿ. ಪ್ರೆಶರ್ ಪಂಪಿನ ಮೂತಿಯನ್ನು ಮೊಳದಷ್ಟು ದೂರ ಹಿಡಿಯಿರಿ. ಟಾಯರಿನ ಪಕ್ಕೆಗೆ ಹತ್ತಿರದಿಂದ ಹೊಡೆಯಬಾರದು. ಆಮೇಲೆ ಎರಡು ಬಕೀಟು. ಒಂದರಲ್ಲಿ ಕಾರ್ ಶಾಂಪೂ ಕಲಸಿದ ನೀರು, ಇನ್ನೊಂದರಲ್ಲಿ ಬರೀ ನೀರು. ಶಾಂಪೂ ಪಿ.ಎಚ್. ಸಮ ಇರುವಂಥದ್ದು ಎಂದು ಲೇಬಲ್ ನೋಡಿ ತನ್ನಿ. ಮೆತ್ತನೆ ಬ್ರಷ್ ಅದ್ದಿ ಉಜ್ಜುವುದು, ಬರೀ ನೀರಿನಲ್ಲಿ ಜಾಲಾಡುವುದು, ಮತ್ತೆ ಅದ್ದುವುದು. ಕಡ್ಡಿಗಳ ಹಿಂದೆ, ನಟ್ಟಿನ ಗುಳಿಯಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಗಾಲಿಗೆ ಬಳಸಿದ ಬಟ್ಟೆಯನ್ನು ಕಾರಿನ ಮೈಗೆ ಮುಟ್ಟಿಸಬೇಡಿ.

ಸೋಪಿಗೆ ಹೋಗದ ಕಂದು ಚುಕ್ಕೆ ಏನೆಂದರೆ ಕಬ್ಬಿಣ. ಬ್ರೇಕ್ ಒತ್ತಿದಾಗ ಪ್ಯಾಡೂ ಡಿಸ್ಕೂ ತಿಕ್ಕಾಡಿ ಬಿಸಿ ಪುಡಿ ಹಾರಿ ಲ್ಯಾಕರಿಗೆ ಅಂಟುತ್ತದೆ, ತೇವಕ್ಕೆ ತುಕ್ಕು ಹಿಡಿಯುತ್ತದೆ. ಮುಂದಿನ ಬ್ರೇಕಿಗೆ ದುಡಿತ ಹೆಚ್ಚು; ಅದಕ್ಕೇ ಮುಂದಿನ ಗಾಲಿ ಹೆಚ್ಚು ಹೊಲಸು. ಇದಕ್ಕೆ 'ಐರನ್ ರಿಮೂವರ್' ಎಂದು ಸಿಗುತ್ತದೆ. ಸಿಂಪಡಿಸಿದರೆ ಕಬ್ಬಿಣ ಇದ್ದಲ್ಲಿ ನೇರಳೆ ಬಣ್ಣ ಇಳಿಯುತ್ತದೆ. ವಾಸನೆ ಕೊಳೆತ ತತ್ತಿಯಂತೆ. ಕೈಗವಸು ಹಾಕಿ, ಬಾಟಲಿಯ ಮೇಲೆ ಬರೆದಷ್ಟೇ ನಿಮಿಷ ಬಿಟ್ಟು, ಒಣಗುವ ಮೊದಲೇ ತೊಳೆಯಿರಿ. ಡಾಂಬರಿನ ಚುಕ್ಕೆಗೆ ಟಾರ್ ರಿಮೂವರನ್ನು ಬಟ್ಟೆಗೆ ಹಾಕಿ ಒರೆಸಿ, ಮತ್ತೆ ಶಾಂಪೂ ಹಾಕಿ.

ಕೊನೆಗೆ ಒಣಬಟ್ಟೆಯಿಂದ ಒರೆಸುವುದನ್ನು ಮರೆಯಬೇಡಿ. ನಮ್ಮ ಬೋರಿನ ಗಡಸು ನೀರು ತಾನಾಗಿ ಒಣಗಿದರೆ ಸುಣ್ಣದ ಕಲೆ ಬಿಡುತ್ತದೆ. ನಾನು ಆ್ಯಸಿಡ್ ಹಿಡಿದದ್ದು ಆ ಕಲೆಗೇ; ಐದು ನಿಮಿಷ ಒರೆಸಿದ್ದರೆ ಕಲೆಯೇ ಬೀಳುತ್ತಿರಲಿಲ್ಲ. ತೊಳೆದ ಮೇಲೆ ಮೆಲ್ಲಗೆ ಓಡಿಸಿ ಎರಡು ಮೂರು ಸಲ ಬ್ರೇಕ್ ಒತ್ತಿದರೆ ಡಿಸ್ಕಿನ ನೀರು ಆರುತ್ತದೆ.

ಕಾಯುವ ಬಗೆ

ಒಣಗಿದ ಗಾಲಿಗೆ ಎರಡು ಮೂರು ತಿಂಗಳಿಗೊಮ್ಮೆ ಕಾರಿನ ಮೇಣ ಇಲ್ಲವೆ ವೀಲ್ ಸೀಲೆಂಟ್ ತೆಳ್ಳಗೆ ಹಚ್ಚಿ ಒರೆಸಿ. ಮುಂದಿನ ಸಲ ಕೊಳೆ ಬರೀ ನೀರಿಗೇ ಅರ್ಧ ಇಳಿಯುತ್ತದೆ. ಕೆಲವರು ಹೊಳಪಿಗೆ ಡೀಸೆಲ್, ಕೊಬ್ಬರಿ ಎಣ್ಣೆ ಹಚ್ಚುತ್ತಾರೆ. ಅದು ಧೂಳು ಹಿಡಿಯುತ್ತದೆ, ರಬ್ಬರ್ ಕೆಡಿಸುತ್ತದೆ. ಹರಿದು ಬ್ರೇಕ್ ಡಿಸ್ಕಿಗೆ ಹತ್ತಿದರೆ ಬ್ರೇಕೇ ಹಿಡಿಯುವುದಿಲ್ಲ. ಮೇಣವೂ ಡಿಸ್ಕಿಗೆ ತಾಗಬಾರದು.

ದ್ರಾಕ್ಷಿ, ದಾಳಿಂಬೆ ಬೆಳೆಗಾರರು ಒಂದನ್ನು ವಿಶೇಷವಾಗಿ ನೋಡಿಕೊಳ್ಳಬೇಕು. ಕನ್ನಡದ ಮೈಲುತುತ್ತ, ತೆಲುಗಿನ ಮೈಲುತುತ್ತಂ, ಮರಾಠಿಯ ಮೋರಚೂದ ಎಲ್ಲ ಒಂದೇ, ತಾಮ್ರದ ಉಪ್ಪು. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಕಲಸಿ, ಕುಡಗೋಲು ಅದ್ದಿ ನೋಡುತ್ತೇವೆ. ಅಲಗು ಕೆಂಪಾದರೆ ತಾಮ್ರ ಇಳಿಯುತ್ತಿದೆ, ಸುಣ್ಣ ಸಾಲದು ಎಂದರ್ಥ. ಅದೇ ತಾಮ್ರ ಲ್ಯಾಕರ್ ಕಿತ್ತ ಅಲ್ಯೂಮಿನಿಯಂ ಮೇಲೆ ಇಳಿದರೆ ಸುತ್ತಲಿನ ಲೋಹ ಗುಳಿ ಬೀಳುತ್ತದೆ. ಸಿಂಪಡಣೆ ನಡೆದ ತೋಟದೊಳಗೆ ಕಾರು ಒಯ್ಯಬೇಡಿ. ಒಯ್ದರೆ ಅಂದೇ ನೀರು ಹಾಕಿ. ಪೊಟ್ಯಾಶ್ ಗೊಬ್ಬರದ ಪುಡಿಯೂ ಹಾಗೆಯೇ, ಅದರಲ್ಲಿ ಕ್ಲೋರೈಡ್ ಇರುತ್ತದೆ. ಡಿಕ್ಕಿಯಲ್ಲಿ ಗೊಬ್ಬರದ ಚೀಲ ತಂದು ಗಾಲಿಗೆ ಒರಗಿಸಿ ಇಳಿಸುವವರನ್ನು ದಿನಾ ನೋಡುತ್ತೇನೆ.

ಕಲ್ಲು ಬಡಿದು ಲ್ಯಾಕರ್ ಕೆತ್ತಿದ್ದರೆ ಬೇಗ ಟಚ್‌ಅಪ್ ಬಣ್ಣ ಹಚ್ಚಿಸಿ. ಇಲ್ಲದಿದ್ದರೆ ನೀರು ಲ್ಯಾಕರಿನ ಅಡಿ ನುಸುಳಿ ಬಿಳಿ ಹುಳ ಹರಿದಂತೆ ಗೆರೆ ಮೂಡುತ್ತದೆ. ಟಾಯರ್ ಬದಲಿಸುವಾಗಲೆಲ್ಲ ರಿಮ್ಮಿನ ಒಳ ಅಂಚು ನೋಡಿ. ಪದೇ ಪದೇ ಗಾಳಿ ಇಳಿಯುತ್ತಿದ್ದರೆ ಸೋಪಿನ ನೀರನ್ನು ಟಾಯರಿನ ಅಂಚಿನ ಸುತ್ತ ಹಚ್ಚಿ, ಗುಳ್ಳೆ ಏಳುವುದು ಕಾಣುತ್ತದೆ. ಬಿರುಕು ಬಿಟ್ಟ ಗಾಲಿಯನ್ನು ವೆಲ್ಡಿಂಗ್ ಮಾಡಿಸಿ ಓಡಿಸಬೇಡಿ. ಗಾಲಿ ಬಿಚ್ಚಿ ಹಾಕಿದ ಮೇಲೆ ನಟ್ಟುಗಳನ್ನು ಎದುರುಬದರಾಗಿ, ಕಾರಿನ ಪುಸ್ತಕದಲ್ಲಿ ಹೇಳಿದಷ್ಟೇ ಬಿಗಿಸಿ, ನೂರು ಕಿ.ಮೀ. ಒಳಗೆ ಮತ್ತೊಮ್ಮೆ ನೋಡಿಸಿ.

ನಮ್ಮ ಮೂರು ಗಾಲಿಯ ಅಂಚನ್ನು ಆ ಹುಡುಗ ಸ್ವಚ್ಛ ಮಾಡಿ ಸೀಲ್ ಮಾಡಿಕೊಟ್ಟ. ನಾಕನೆಯದರ ಗುಳಿ ಆಳವಾಗಿತ್ತು. ಅದೇ ಅಳತೆಯ, ಅಷ್ಟೇ ಭಾರ ಹೊರುವ ಹೊಸದು ಹಾಕಿಸಿದೆವು. ರೊಕ್ಕ ನಾನೇ ಕೊಟ್ಟೆ. ಮಗ ಬೇಡವೆಂದ, ನಾನು ಬಿಡಲಿಲ್ಲ.

ಈಗ ಖಂಡೆ ಪೂಜೆಯಲ್ಲಿ ಗಾಲಿ ತೊಳೆಯುವ ಕೆಲಸ ನನ್ನದೇ. ಎರಡು ಬಕೀಟು, ಒಂದು ಬ್ರಷ್, ಒಂದು ಒಣಬಟ್ಟೆ. ಮೊಮ್ಮಗಳು ಪಕ್ಕದಲ್ಲಿ ಕೂತು ನೀರಾಡುತ್ತಾಳೆ. ಅವಳ ಕೈಗೆ ತಾಗಿದರೂ ಕೆಡುಕಾಗದ ನೀರು ಅದು. ಲಿಂಬೆಹಣ್ಣು ಟಾಯರಿನ ಕೆಳಗೆ ಇಡುತ್ತೇವೆ, ಗಾಲಿಗೆ ಸಿಡಿದ ರಸವನ್ನು ಆಗಲೇ ತೊಳೆಯುತ್ತೇವೆ.

ಆ್ಯಸಿಡ್ ಕ್ಯಾನು ಈಗಲೂ ಪಂಪ್‌ಸೆಟ್ ಖೋಲಿಯಲ್ಲಿದೆ, ಎತ್ತರದ ಗೂಡಿನಲ್ಲಿ, ಕೀಲಿ ಹಾಕಿ. ಅದರ ಮೇಲೆ ಮೂರು ಸಾಲು ಬರೆದಿದ್ದೇನೆ. ಇದು ಡ್ರಿಪ್ಪಿಗೆ ಮಾತ್ರ. ಇದಿ ಡ್ರಿಪ್‌ಕಿ ಮಾತ್ರಮೇ. ಹೇ ಫಕ್ತ ಠಿಬಕಸಾಠಿ. ಆಳುಮಕ್ಕಳು, ನೆರೆಹೊಲದವರು ಎಲ್ಲರೂ ಓದುತ್ತಾರೆ. ಮೂವತ್ತು ವರ್ಷ ಬರೆದ ಪದ್ಯಕ್ಕೆ ಇಷ್ಟು ಓದುಗರು ಸಿಕ್ಕಿರಲಿಲ್ಲ.