ಬಲೆಗೆ ಅಡ್ಡನಿಂತ ಅಮೃತಶಿಲೆ

ಇಟಲಿಯ ಟಸ್ಕನಿ ಪ್ರಾಂತ್ಯದಲ್ಲಿ ತಲಮೋನೆ ಎಂಬ ಪುಟ್ಟ ಊರಿದೆ. ಗುಡ್ಡದ ಮೇಲೊಂದು ಹಳೆಯ ಕೋಟೆ, ಕೆಳಗೆ ದೋಣಿಕಟ್ಟೆ, ಆಚೆ ಮೆಡಿಟರೇನಿಯನ್ ಸಮುದ್ರ. ದಡದಲ್ಲಿ ನಿಂತವರಿಗೆ ಕಾಣುವುದು ಬರೀ ನೀಲಿ ನೀರು. ಮುಳುಗು ಹಾಕಿದವರಿಗೆ ಮಾತ್ರ ಗೊತ್ತು, ತಳದಲ್ಲಿ ಮುಖಗಳಿವೆ ಅಂತ. ಬಿಳಿ ಅಮೃತಶಿಲೆಯಲ್ಲಿ ಕಡೆದ, ಟನ್ನುಗಟ್ಟಲೆ ತೂಗುವ ಮುಖಗಳು. ಮೈಗೆ ಪಾಚಿ ಹತ್ತಿದೆ, ಸುತ್ತ ಮೀನು ಸುಳಿಯುತ್ತವೆ. ಯಾವ ಪ್ರೇಕ್ಷಕರನ್ನೂ ನಂಬಿ ಅವು ಅಲ್ಲಿಗೆ ಇಳಿದದ್ದಲ್ಲ. ಅವು ಕಾಯುತ್ತಿರುವುದು ಒಂದು ಬಲೆಗಾಗಿ.

ಅವನ್ನು ಅಲ್ಲಿಗೆ ಇಳಿಸಿದವರು ಶಿಲ್ಪಿಯಲ್ಲ, ಮೀನುಗಾರ. ಪಾವೊಲೊ ಫಾಂಚುಲ್ಲಿ ಹುಡುಗನಾಗಿದ್ದಾಗಲೇ ಕಡಲಿಗಿಳಿದವರು. 1980ರ ದಶಕದ ಹೊತ್ತಿಗೆ ಬಲೆಗೆ ಬೀಳುವ ಮೀನು ಕಡಿಮೆಯಾಗುತ್ತಿರುವುದು ಅವರಿಗೆ ಕಾಣತೊಡಗಿತು. ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ರಾತ್ರಿ ಹೊತ್ತು ಟ್ರಾಲ್ ಬೋಟುಗಳು ದಡದ ಹತ್ತಿರಕ್ಕೇ ಬರುತ್ತಿದ್ದವು. ಟ್ರಾಲ್ ಬಲೆ ಎಂದರೆ ಬಾಯಿ ಅಗಲಿಸಿಕೊಂಡ ದೊಡ್ಡ ಚೀಲ. ಭಾರದ ಸರಪಳಿ ಕಟ್ಟಿ ತಳಕ್ಕೆ ತಾಗುವಂತೆ ಎಳೆದರೆ ಹೊಲಕ್ಕೆ ಕುಂಟೆ ಹೊಡೆದ ಹಾಗೆ. ಒಂದೇ ವ್ಯತ್ಯಾಸ, ಇಲ್ಲಿ ಹಿಂದಿನಿಂದ ಬಿತ್ತುವವರು ಯಾರೂ ಬರುವುದಿಲ್ಲ. ಆ ಕರಾವಳಿಯ ತಳದಲ್ಲಿ ಪೊಸಿಡೋನಿಯ ಎಂಬ ಕಡಲಹುಲ್ಲಿನ ಗೋಮಾಳಗಳಿವೆ. ಅದು ಪಾಚಿಯಲ್ಲ, ಬೇರು ಬಿಟ್ಟು ಹೂ ಬಿಡುವ ನಿಜವಾದ ಸಸ್ಯ. ಮೀನುಮರಿಗಳ ತೊಟ್ಟಿಲೇ ಅದು. ಬೆಳೆಯುವುದು ಮಹಾ ನಿಧಾನ, ಕಿತ್ತುಬರುವುದು ಒಂದೇ ಎಳೆತಕ್ಕೆ.

ದಡದಿಂದ ಮೂರು ನಾಟಿಕಲ್ ಮೈಲಿಯೊಳಗೆ ಹೀಗೆ ಬಲೆ ಎಳೆಯುವುದು ಇಟಲಿಯಲ್ಲಿ ಕಾನೂನಿಗೆ ವಿರುದ್ಧ. ಆದರೆ ಕತ್ತಲ ಕಡಲಿನಲ್ಲಿ ಕಾನೂನಿಗೆ ಕಣ್ಣು ಕಾಣುವುದು ಅಷ್ಟಕ್ಕಷ್ಟೆ. ಫಾಂಚುಲ್ಲಿ ಪ್ರತಿಭಟನೆ ಮಾಡಿದರು, ಟ್ರಾಲ್ ಬೋಟಿನವರನ್ನು ಎದುರು ಹಾಕಿಕೊಂಡರು. ಆಮೇಲೆ ತಳಕ್ಕೆ ಕಾಂಕ್ರೀಟ್ ದಿಮ್ಮಿಗಳನ್ನು ಇಳಿಸುವ ಕೆಲಸವಾಯಿತು. ಬಲೆ ಸಿಕ್ಕಿದರೆ ಹರಿಯಲಿ ಎಂಬ ಲೆಕ್ಕಾಚಾರ. ಆದರೆ ಅಷ್ಟು ದೊಡ್ಡ ಕಡಲಿಗೆ ಆ ದಿಮ್ಮಿಗಳು ಸಾಲಲಿಲ್ಲ.

ಆಗ ಹೊಳೆದದ್ದು ಕಲ್ಲಿನ ಉಪಾಯ. ಮೈಕೆಲಾಂಜೆಲೊ ತನ್ನ ಶಿಲ್ಪಗಳಿಗೆ ಅಮೃತಶಿಲೆ ಆರಿಸಿಕೊಳ್ಳುತ್ತಿದ್ದ ಕರಾರದ ಗಣಿಗಳು ಅದೇ ಟಸ್ಕನಿಯಲ್ಲಿವೆ. ಅಲ್ಲಿನ ಗಣಿ ಕಂಪನಿಯೊಂದರ ಮುಖ್ಯಸ್ಥ ಫ್ರಾಂಕೊ ಬರಟ್ಟಿನಿ ಅವರ ಬಳಿ ಫಾಂಚುಲ್ಲಿ ಕೇಳಿದ್ದು ಎರಡು ಕಲ್ಲು, ಸಿಕ್ಕಿದ್ದು 100. ಶಿಲ್ಪಿಗಳು ತಾವಾಗಿ ಬಂದರು. ಬ್ರಿಟನ್ನಿನ ಎಮಿಲಿ ಯಂಗ್ ಕಾವಲುಗಾರರ ಮುಖಗಳನ್ನು ಕಡೆದರು. 2015ರಲ್ಲಿ ಮೊದಲ ಶಿಲ್ಪಗಳು ನೀರಿಗಿಳಿದವು. ಯೋಜನೆಗೆ ಇಟ್ಟ ಹೆಸರು 'ಕಾಸಾ ದೇಯ್ ಪೆಶ್ಶಿ', ಮೀನುಗಳ ಮನೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಬಲೆ ಹರಿಯುವುದಕ್ಕೆ ಶಿಲ್ಪವೇ ಯಾಕೆ ಬೇಕು? ಬಲೆಯ ಮಟ್ಟಿಗೆ ಎಮಿಲಿ ಯಂಗ್ ಕಡೆದ ಮುಖವೂ ಒಂದೇ, ಸಿಮೆಂಟಿನ ದಿಮ್ಮಿಯೂ ಒಂದೇ. ನಿಜ. ಆದರೆ ಸಿಮೆಂಟ್ ದಿಮ್ಮಿಯ ಫೋಟೊ ತೆಗೆಯಲು ಯಾರು ಮುಳುಗುತ್ತಾರೆ? ಅದಕ್ಕೆ ಚಂದಾ ಕೊಡುವವರು ಯಾರು? ಭಾರತದ ಕರಾವಳಿಯಲ್ಲೂ ತ್ರಿಕೋನದ, ಬಾವಿ ರಿಂಗಿನ ಆಕಾರದ ಕಾಂಕ್ರೀಟ್ ಬಂಡೆಗಳನ್ನು ಮೀನಿನ ಆಸರೆಗೆಂದು ಇಳಿಸಲಾಗಿದೆ. ಕರ್ನಾಟಕದ ಸಮುದ್ರದಲ್ಲೂ ಈ ಕೆಲಸ ನಡೆದಿದೆ. ಉಪಯುಕ್ತ ಕೆಲಸವೇ. ಆದರೆ ಮೀನುಗಾರಿಕೆ ಇಲಾಖೆಯ ಆಚೆಗೆ ಅದರ ಸುದ್ದಿ ಎಷ್ಟು ಮನೆ ಮುಟ್ಟಿದೆ? ತಲಮೋನೆಯ ಕಲ್ಲುಗಳ ಸುದ್ದಿ ಪ್ರಪಂಚ ಸುತ್ತಿತು, ಸುದ್ದಿಯ ಹಿಂದೆಯೇ ದುಡ್ಡೂ ಬಂತು.

ಕರಾವಳಿ ಕನ್ನಡಿಗರಿಗೆ ಈ ಉಪಾಯ ತೀರಾ ಅಪರಿಚಿತವೂ ಅಲ್ಲ. ಉಡುಪಿ, ದಕ್ಷಿಣ ಕನ್ನಡದ ನಾಗಬನಗಳಲ್ಲಿ ನಾಗನ ಕಲ್ಲು ಇದ್ದ ಮಾತ್ರಕ್ಕೆ ಸುತ್ತಲಿನ ಮರ, ಬಳ್ಳಿ, ತರಗೆಲೆಯವರೆಗೂ ಯಾರೂ ಕೈಹಚ್ಚುತ್ತಿರಲಿಲ್ಲ. ಎಷ್ಟೋ ಬನಗಳಲ್ಲಿ ಈಗ ಮರ ಹೋಗಿ ಸಿಮೆಂಟಿನ ಕಟ್ಟೆ ಬಂದಿದೆ ಎಂಬುದು ಬೇರೆ ಮಾತು. ಅಲ್ಲಿ ಭಯಭಕ್ತಿ ಮಾಡಿದ ಕೆಲಸವನ್ನು ತಲಮೋನೆಯಲ್ಲಿ ಬೆರಗು ಮಾಡುತ್ತಿದೆ.

ಫಾಂಚುಲ್ಲಿಯ ದೂರು ಕೂಡ ಮಲ್ಪೆ, ಗಂಗೊಳ್ಳಿ, ಹೊನ್ನಾವರದ ನಾಡದೋಣಿಯವರ ದೂರೇ. ಇಲ್ಲಿ ವರ್ಷವೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ. ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗನ್ನೂ, ಪ್ರಖರ ದೀಪ ಹಚ್ಚಿ ಮೀನು ಸೆಳೆಯುವ ಲೈಟ್ ಫಿಶಿಂಗನ್ನೂ ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ. ಆದರೂ ರಾತ್ರಿ ದೂರದಲ್ಲಿ ದೀಪ ಕಾಣುತ್ತದೆ, ಬೆಳಿಗ್ಗೆ ದಡದಲ್ಲಿ ಬೂತಾಯಿ, ಬಂಗುಡೆಯ ಬುಟ್ಟಿ ಹಗುರವಾಗಿರುತ್ತದೆ. ಕಡಲಿನ ಅನ್ಯಾಯಗಳ ಸ್ವಭಾವವೇ ಹೀಗೆ. ಕಾಡು ಕಡಿದರೆ ಬೋಳು ಗುಡ್ಡ ಕಾಣುತ್ತದೆ. ಕಡಲತಳ ಉತ್ತರೆ ಮೇಲೆ ಅಲೆ ಎಂದಿನಂತೆಯೇ ಬಂದು ಹೋಗುತ್ತದೆ.

ಕಾಣದ ಕಡಲನ್ನು ಕಿವಿಯ ಮೂಲಕ ಮನೆಗೆ ತಂದ ಕಥೆ ಇದಕ್ಕಿಂತ ಹಳೆಯದು. ಶೀತಲ ಸಮರದ ಕಾಲದಲ್ಲಿ ಬರ್ಮುಡಾ ದ್ವೀಪದ ಬಳಿ ಫ್ರಾಂಕ್ ವಾಟ್ಲಿಂಗ್ಟನ್ ಎಂಬ ಎಂಜಿನಿಯರ್ ಅಮೆರಿಕದ ನೌಕಾಪಡೆಗಾಗಿ ಸಮುದ್ರದೊಳಗೆ ಮೈಕು ಇಳಿಬಿಟ್ಟು ಸದ್ದು ಆಲಿಸುತ್ತಿದ್ದರು. ಟೇಪಿನಲ್ಲಿ ವಿಚಿತ್ರ ಸದ್ದುಗಳು ಸೇರಿಕೊಂಡವು. ನರಳಿದ ಹಾಗೆ, ಬಾಗಿಲು ಕಿರುಗುಟ್ಟಿದ ಹಾಗೆ, ನಡುವೆ ಎಲ್ಲೋ ಕೊಳಲಿನ ಎಳೆಯ ಹಾಗೆ. ಅದು ಹಂಪ್‌ಬ್ಯಾಕ್, ಅಂದರೆ ಗೂನುಬೆನ್ನಿನ ತಿಮಿಂಗಿಲದ ದನಿ. ಬೇಟೆಗಾರರ ಕಿವಿಗೆ ಬಿದ್ದರೆ ಕೆಟ್ಟಿತು ಎಂದು ವಾಟ್ಲಿಂಗ್ಟನ್ ಅದನ್ನು ಗುಟ್ಟಾಗಿಟ್ಟರು. ಕೊನೆಗೆ ಟೇಪನ್ನು ಒಪ್ಪಿಸಿದ್ದು ರೋಜರ್ ಪೇನ್ ಮತ್ತು ಕೇಟಿ ಪೇನ್ ಎಂಬ ಸಂಶೋಧಕ ದಂಪತಿಯ ಕೈಗೆ.

ರೋಜರ್ ಪೇನ್ ಅದಕ್ಕೆ ಮುಂಚೆ ಗೂಗೆ, ಬಾವಲಿಗಳ ಶ್ರವಣಶಕ್ತಿಯನ್ನು ಅಧ್ಯಯನ ಮಾಡುತ್ತಿದ್ದವರು. ಒಂದು ಮಳೆಯ ರಾತ್ರಿ ಬಾಸ್ಟನ್ ಹತ್ತಿರದ ದಡಕ್ಕೆ ಸತ್ತ ಡಾಲ್ಫಿನ್ ಬಂದು ಬಿದ್ದಿದೆ ಎಂದು ಕೇಳಿ ನೋಡಲು ಹೋದರು. ಅವರಿಗಿಂತ ಮೊದಲು ಹೋದವರು ಯಾರೋ ಅದರ ಮೈಮೇಲೆ ತಮ್ಮ ಹೆಸರಿನ ಅಕ್ಷರ ಕೊರೆದಿದ್ದರು, ಇನ್ಯಾರೋ ಉಸಿರಾಡುವ ರಂಧ್ರಕ್ಕೆ ಸಿಗಾರ್ ತುಂಡು ತುರುಕಿದ್ದರು. ಆ ದೃಶ್ಯ ಅವರನ್ನು ಬಿಡಲಿಲ್ಲ, ತಿಮಿಂಗಿಲಗಳತ್ತ ತಿರುಗಿಸಿತು.

ಬರ್ಮುಡಾದ ಟೇಪನ್ನು ಮತ್ತೆ ಮತ್ತೆ ಕೇಳಿ, ಸದ್ದನ್ನು ಕಾಗದದ ಮೇಲೆ ಗೆರೆಯಾಗಿ ಇಳಿಸಿ ನೋಡಿದಾಗ ಗೊತ್ತಾದದ್ದು ಇಷ್ಟು: ಅದು ಸುಮ್ಮನೆ ಕೂಗಲ್ಲ. ಒಂದೊಂದು ಸೊಲ್ಲೂ ಗೊತ್ತಾದ ಕ್ರಮದಲ್ಲಿ ಮರಳಿ ಬರುತ್ತದೆ. ಒಂದು ಆವರ್ತ ಮುಗಿಯಲು ಕೆಲವೊಮ್ಮೆ ಅರ್ಧ ಗಂಟೆಯವರೆಗೂ ಬೇಕು, ಆಮೇಲೆ ಮತ್ತೆ ಮೊದಲಿನಿಂದ. ಹಾಡುವುದು ಗಂಡುಗಳು. ಒಂದು ಸೀಮೆಯ ಗಂಡುಗಳೆಲ್ಲ ಒಂದೇ ಹಾಡು ಹಾಡುತ್ತವೆ, ವರ್ಷದಿಂದ ವರ್ಷಕ್ಕೆ ಎಲ್ಲವೂ ಸೇರಿ ಅದನ್ನು ಬದಲಿಸುತ್ತ ಹೋಗುತ್ತವೆ. ಪಲುಕು ಹೊಸದಾಗುತ್ತದೆ, ಮೇಳ ಮುರಿಯುವುದಿಲ್ಲ.

ವಿಜ್ಞಾನ ಪತ್ರಿಕೆಯಲ್ಲಿ ಪ್ರಬಂಧ ಬಂದದ್ದು 1971ರಲ್ಲಿ. ಅದಕ್ಕೂ ಒಂದು ವರ್ಷ ಮೊದಲೇ, 1970ರಲ್ಲಿ, ಪೇನ್ ಆ ಹಾಡನ್ನು ಎಲ್‌ಪಿ ತಟ್ಟೆಯಾಗಿ ಅಂಗಡಿಗೆ ಬಿಟ್ಟಿದ್ದರು. ಅದು ಲಕ್ಷದ ಮೇಲೆ ಮಾರಾಟವಾಯಿತು. ಗಾಯಕಿ ಜೂಡಿ ಕಾಲಿನ್ಸ್ ಹಳೆಯ ಬೇಟೆಗಾರರ ಜಾನಪದ ಗೀತೆಯೊಂದನ್ನು ತಿಮಿಂಗಿಲಗಳ ದನಿಯ ಜೊತೆಗೇ ಹಾಡಿದರು. ಸಂಗೀತ ರಚನೆಕಾರ ಅಲನ್ ಹೊವಾನೆಸ್ ತಿಮಿಂಗಿಲದ ಹಾಡನ್ನು ವಾದ್ಯವೃಂದದ ನಡುವೆ ಕೂರಿಸಿದರು. 1979ರ ಜನವರಿಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಆ ದನಿಯ ತೆಳು ಪ್ಲಾಸ್ಟಿಕ್ ತಟ್ಟೆಯನ್ನು ಸಂಚಿಕೆಯೊಳಗೇ ಇಟ್ಟು ಹಂಚಿತು. ಒಂದು ಕೋಟಿಗೂ ಹೆಚ್ಚು ಪ್ರತಿಗಳು! ಅಲ್ಲಿಯವರೆಗೆ ಎಣ್ಣೆ, ಮಾಂಸ, ಮೂಳೆಯ ಲೆಕ್ಕದಲ್ಲಿದ್ದ ಪ್ರಾಣಿ ದೀವಾನಖಾನೆಗೆ ಬಂದು ಹಾಡಿತು. 1982ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ವಾಣಿಜ್ಯ ಬೇಟೆಗೆ ತಡೆ ಹಾಕಲು ತೀರ್ಮಾನಿಸಿತು.

ಹಾಡೊಂದೇ ಬೇಟೆ ನಿಲ್ಲಿಸಿತು ಎಂದರೆ ಉತ್ಪ್ರೇಕ್ಷೆ. ಆ ಹೊತ್ತಿಗೆ ತಿಮಿಂಗಿಲಗಳೇ ಮುಗಿಯುತ್ತ ಬಂದಿದ್ದವು, ಅವುಗಳ ಎಣ್ಣೆಗೆ ಬದಲಿಯೂ ಬಂದಿತ್ತು. ಆದರೆ ಬೇಟೆಯನ್ನು ವಿರೋಧಿಸಿ ಬೀದಿಗಿಳಿದ ಜನರಿಗೆ ಯಾರ ಪರವಾಗಿ ಇಳಿದಿದ್ದೇವೆ ಎಂಬುದು ಗೊತ್ತಿತ್ತು. ಆ ದನಿ ಅವರ ಕಿವಿಯಲ್ಲಿತ್ತು.

ಗೂನುಬೆನ್ನಿನ ತಿಮಿಂಗಿಲ ದೂರದ ದೇಶದ ಪ್ರಾಣಿ ಎಂದುಕೊಳ್ಳುವುದು ಬೇಡ. ಅರಬ್ಬೀ ಸಮುದ್ರದಲ್ಲಿ ಇವುಗಳದ್ದೇ ಒಂದು ಪ್ರತ್ಯೇಕ ಬಳಗವಿದೆ. ಉಳಿದವುಗಳ ಹಾಗೆ ಧ್ರುವದ ಕಡೆ ವಲಸೆ ಹೋಗದೆ ವರ್ಷವಿಡೀ ಇಲ್ಲೇ ಇರುವ ಬಳಗ. 1966ರಲ್ಲಿ ಸೋವಿಯತ್ ಬೇಟೆ ಹಡಗುಗಳು ಒಮನ್, ಪಾಕಿಸ್ತಾನ, ಭಾರತದ ಕಡಲಿನಲ್ಲಿ ಇವುಗಳಲ್ಲಿ ಇನ್ನೂರಕ್ಕೂ ಹೆಚ್ಚನ್ನು ಕೊಂದವು. ಈ ಗುಟ್ಟು ಹೊರಬಿದ್ದದ್ದು ಸೋವಿಯತ್ ಒಕ್ಕೂಟ ಒಡೆದ ಮೇಲೆ. ಒಮನ್ ಬಳಿ ಈಗ ಉಳಿದಿರುವುದು ನೂರಕ್ಕಿಂತ ಕಡಿಮೆ ಎಂಬ ಅಂದಾಜಿದೆ. 2017ರ ಕೊನೆಗೆ ಒಮನ್ ಬಳಿ ವಿಜ್ಞಾನಿಗಳು ಒಂದು ಹೆಣ್ಣಿಗೆ ಉಪಗ್ರಹ ಸಂಪರ್ಕದ ಟ್ಯಾಗ್ ಅಳವಡಿಸಿದರು. ಇಟ್ಟ ಹೆಸರು 'ಲುಬಾನ್', ನಮ್ಮ ಮನೆಗಳಲ್ಲಿ ಹೊಗೆ ಹಾಕುವ ಲೋಬಾನವೇ. ಆಕೆ ಇಡೀ ಅರಬ್ಬೀ ಸಮುದ್ರ ದಾಟಿ ಗೋವಾ ಕಡೆಗೆ ಬಂದು, ಅಲ್ಲಿಂದ ದಕ್ಷಿಣಕ್ಕೆ ಕೇರಳದವರೆಗೆ ಹೋಗಿ ಒಮನ್‌ಗೆ ಮರಳಿದಳು. ಗೋವಾದಿಂದ ಕೇರಳಕ್ಕೆ ಹೋಗುವಾಗ ನಡುವೆ ಇರುವುದು ಯಾವ ಕರಾವಳಿ ಎಂದು ಹೇಳಬೇಕಾಗಿಲ್ಲ. ಕಾರವಾರದಿಂದ ಮಂಗಳೂರಿನವರೆಗೆ ದಡದಲ್ಲಿದ್ದ ಯಾರಿಗೂ ಅದರ ಸುಳಿವಿರಲಿಲ್ಲ.

ಕಣ್ಣು, ಕಿವಿ ಆಯಿತು. ಕೈಯ ಕಥೆಯೂ ಒಂದಿದೆ. ಒಂದು ಕಾಲಕ್ಕೆ ಟೀವಿ ಮೇಲೆ, ಟೀಪಾಯಿ ಮೇಲೆ ಕ್ರೋಶಾ ಹೊದಿಕೆ ಇಲ್ಲದ ಮನೆ ಇರಲಿಲ್ಲ. ಕ್ರೋಶಾ ಗೊತ್ತಿರುವವರಿಗೆ ಇದೂ ಗೊತ್ತು: ಸುತ್ತು ಹಾಕುವಾಗ ಹೆಣಿಕೆ ಹೆಚ್ಚಾದರೆ ಬಟ್ಟೆ ಸಮವಾಗಿ ಕೂರದೆ ನಿರಿಗೆ ಏಳುತ್ತದೆ. ಗೃಹಿಣಿಯ ಲೆಕ್ಕದಲ್ಲಿ ಅದು ತಪ್ಪು, ಬಿಚ್ಚಿ ಮತ್ತೆ ಹಾಕಬೇಕು. 1997ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಗಣಿತಜ್ಞೆ ಡೈನಾ ತೈಮಿನಾ ಅದೇ ತಪ್ಪನ್ನು ಬೇಕೆಂದೇ ಮಾಡಿದರು. ಇಂತಿಷ್ಟು ಹೆಣಿಕೆಗೊಂದು ಹೆಚ್ಚುವರಿ ಎಂದು ನಿಯಮವಿಟ್ಟು ಹೆಣೆಯುತ್ತ ಹೋದರೆ ಗಣಿತದಲ್ಲಿ ಹೈಪರ್ಬೋಲಿಕ್ ಎಂದು ಕರೆಯುವ ಮೇಲ್ಮೈ ಕೈಯಲ್ಲಿ ಬಂದು ಕೂರುತ್ತದೆ. ನೋಡಿದರೆ ಲೆಟಿಸ್ ಎಲೆಯ ಅಂಚು. ಇನ್ನೂ ಹತ್ತಿರದಿಂದ ನೋಡಿದರೆ ಹವಳ.

ಆ ಹೋಲಿಕೆಯನ್ನು ಹಿಡಿದವರು ಆಸ್ಟ್ರೇಲಿಯಾ ಮೂಲದ ಅವಳಿ ಸಹೋದರಿಯರು, ಮಾರ್ಗರೆಟ್ ಮತ್ತು ಕ್ರಿಸ್ಟೀನ್ ವರ್ಟ್‌ಹೈಮ್. ಹುಟ್ಟೂರಿನ ಸೀಮೆಯ ಗ್ರೇಟ್ ಬ್ಯಾರಿಯರ್ ರೀಫ್ ಬಿಸಿನೀರಿಗೆ ಬೆಳ್ಳಗಾಗುತ್ತಿತ್ತು. ಹವಳದ ಮೈಯೊಳಗೆ ಬಿಡಾರ ಹೂಡಿದ ಸೂಕ್ಷ್ಮ ಪಾಚಿಯೇ ಅದಕ್ಕೆ ಅನ್ನ, ಅದಕ್ಕೆ ಬಣ್ಣ. ನೀರು ಕಾದಾಗ ಹವಳ ಈ ಬಿಡಾರವನ್ನು ಹೊರಹಾಕಿ ಬಿಳಿಚುತ್ತದೆ, ಹಾಗೇ ಬಹಳ ದಿನ ಉಳಿದರೆ ಸಾಯುತ್ತದೆ. 2005ರಲ್ಲಿ ಸಹೋದರಿಯರು ಲಾಸ್ ಏಂಜಲೀಸಿನ ತಮ್ಮ ಮನೆಯಲ್ಲಿ ನೂಲಿನ ಹವಳದ ದಿಬ್ಬ ಹೆಣೆಯಲು ಕೂತರು. ಕೆಲಸ ಊರೂರಿಗೆ ಹಬ್ಬಿತು. ಹತ್ತು ಸಾವಿರಕ್ಕೂ ಹೆಚ್ಚು ಜನ, ಬಹುಪಾಲು ಹೆಂಗಸರು, ಕೈಜೋಡಿಸಿದರು. 2019ರಲ್ಲಿ ಅದು ವೆನಿಸ್ ಬಿಯೆನಾಲೆ ಕಲಾ ಪ್ರದರ್ಶನಕ್ಕೂ ಹೋಯಿತು. ಅದರಲ್ಲೊಂದು ಭಾಗ ಪ್ಲಾಸ್ಟಿಕ್ ಚೀಲ, ಟೇಪುಗಳನ್ನೇ ಹೆಣೆದು ಮಾಡಿದ ವಿಷದ ದಿಬ್ಬ. ಒಂದು ಬೆರಳುದ್ದದ ಹವಳ ಹೆಣೆಯಲು ಗಂಟೆಗಟ್ಟಲೆ ಬೇಕು. ಹಾಗೆ ಕೂತವರಿಗೆ ಹವಳ ಯಾಕೆ ನಿಧಾನ ಬೆಳೆಯುತ್ತದೆ ಎಂದು ಬೇರೆ ಪಾಠ ಬೇಕಿಲ್ಲ.

ಕಡಲಿನ ಹೆಸರು ಹೇಳುವ ಕಲೆಯೆಲ್ಲ ಇಷ್ಟು ದೂರ ಹೋಗುವುದಿಲ್ಲ. ಮೆಕ್ಸಿಕೋದ ಕಾಂಕೂನ್ ಬಳಿ ಶಿಲ್ಪಿ ಜೇಸನ್ ಡಿಕೇರ್ಸ್ ಟೇಲರ್ ನೀರೊಳಗೆ ನಿಲ್ಲಿಸಿದ ನೂರಾರು ಸಿಮೆಂಟ್ ಮನುಷ್ಯರ ಹಿಂದೆ ಒಂದು ಜಾಣ ಯೋಚನೆ ಇತ್ತು. ಅಲ್ಲಿನ ನಿಜವಾದ ಹವಳದ ಮೇಲೆ ಪ್ರವಾಸಿಗರ ಕಾಲು ಬೀಳುವುದನ್ನು ತಪ್ಪಿಸಿ ಅವರನ್ನು ಇತ್ತ ತಿರುಗಿಸುವುದು. ಆದರೆ ಪ್ರವಾಸಿಗರು ಕಡಲನ್ನು ನೋಡುತ್ತಾರೋ, ಪ್ರತಿಮೆಯ ಜೊತೆ ತಮ್ಮನ್ನೇ ನೋಡಿಕೊಳ್ಳುತ್ತಾರೋ ಎಂಬ ಅನುಮಾನ ಹಾಗೇ ಉಳಿಯುತ್ತದೆ. ಅದೇ ಕಲಾವಿದ 2019ರಲ್ಲಿ ಆಸ್ಟ್ರೇಲಿಯಾದ ಟೌನ್ಸ್‌ವಿಲ್‌ನಲ್ಲಿ ನಿಲ್ಲಿಸಿದ 'ಓಶನ್ ಸೈರನ್' ಇದಕ್ಕಿಂತ ಗಟ್ಟಿ ಕೆಲಸ. ದಡದ ಹತ್ತಿರ ನೀರಿನ ಮೇಲೆ ನಿಂತ ಮೂಲನಿವಾಸಿ ಹುಡುಗಿ, ಕೈಯಲ್ಲಿ ಶಂಖ. ಡೇವೀಸ್ ರೀಫ್ ಎಂಬ ಹವಳದಿಬ್ಬದ ನೀರಿನ ಉಷ್ಣಾಂಶಕ್ಕೆ ತಕ್ಕಂತೆ ರಾತ್ರಿ ಅವಳ ಮೈಯ ದೀಪಗಳು ಬಣ್ಣ ಬದಲಿಸುತ್ತವೆ. ತಂಪಿದ್ದರೆ ನೀಲಿ, ಕಾದರೆ ಕೆಂಪು. ಸಂಜೆ ವಾಯುವಿಹಾರಕ್ಕೆ ಬಂದವರು ಕಡಲಿಗೆ ಎಷ್ಟು ಜ್ವರ ಎಂದು ದೂರದಿಂದಲೇ ನೋಡಿ ಹೋಗಬಹುದು.

ತಲಮೋನೆಯಲ್ಲಿ ನಲವತ್ತರ ಆಸುಪಾಸು ಶಿಲ್ಪಗಳು ಈವರೆಗೆ ನೀರಿಗಿಳಿದಿವೆ. ಫಾಂಚುಲ್ಲಿ ಈಗಲೂ ಮೀನು ಹಿಡಿಯುತ್ತಾರೆ. ಪ್ರವಾಸಿಗರನ್ನು ದೋಣಿಯಲ್ಲಿ ಕರೆದೊಯ್ದು ಬಲೆ ಎಳೆಯುವುದನ್ನು ತೋರಿಸುತ್ತಾರೆ, ಹಿಡಿದ ಮೀನನ್ನು ದೋಣಿಯಲ್ಲೇ ಬೇಯಿಸಿ ಬಡಿಸುತ್ತಾರೆ. ಒಂದೊಂದು ಕಲ್ಲನ್ನೂ ಸಾಗಿಸಿ, ಕ್ರೇನಿನಲ್ಲಿ ಎತ್ತಿ, ತಳಕ್ಕೆ ಕೂರಿಸಲು ಬಹಳ ಖರ್ಚು. ಬರಟ್ಟಿನಿ ಕೊಟ್ಟ ನೂರರಲ್ಲಿ ಅರ್ಧಕ್ಕಿಂತ ಹೆಚ್ಚು ಕಲ್ಲುಗಳು ಇನ್ನೂ ಒಣನೆಲದ ಮೇಲೆಯೇ ಇವೆ.