ಒಂದು ಡಿಶ್, ಎರಡು ಉಪಗ್ರಹ

ನಮ್ಮ ಮಲೆನಾಡಿನ ಹೆಂಚಿನ ಮಾಡುಗಳ ಮೇಲೆ ಆಕಾಶದತ್ತ ಮುಖ ಮಾಡಿ ಕುಳಿತ ಡಿಶ್ಶನ್ನು ನೋಡದವರಾರು? ಕೆಲವು ಮನೆಗಳಲ್ಲಂತೂ ಎರಡೆರಡು ಇರುತ್ತವೆ. ಒಂದು ಹಣ ತೆತ್ತು ನೋಡುವ ಚಾನೆಲ್ಲುಗಳಿಗೆ, ಇನ್ನೊಂದು ದೂರದರ್ಶನದವರ ಉಚಿತ ‘ಡಿಡಿ ಫ್ರೀ ಡಿಶ್’ಗೆ. ಶಿವಮೊಗ್ಗದಲ್ಲಿ ನಾವಿರುವುದು ಬಾಡಿಗೆಯ ಮನೆ. ಮಾಡಿನ ಮೇಲೆ ಒಂದಕ್ಕಿಂತ ಹೆಚ್ಚು ಡಿಶ್ ಕೂಡದೆಂದು ಮಾಲೀಕರ ಕಟ್ಟಪ್ಪಣೆ. ಅಮ್ಮನಿಗೆ ಧಾರಾವಾಹಿ ಬೇಕು; ನನಗೆ ‘ಸ್ವಯಂ ಪ್ರಭಾ’ ಚಾನೆಲ್ಲುಗಳ ಪಾಠಗಳು ಬೇಕು. ಮೊದಲನೆಯದು ಬರುವುದು ಪೂರ್ವ ರೇಖಾಂಶ 83 ಡಿಗ್ರಿಯ ಉಪಗ್ರಹದಿಂದ, ಎರಡನೆಯದು 93.5 ಡಿಗ್ರಿಯಲ್ಲಿರುವ ಜಿಸ್ಯಾಟ್-15ರಿಂದ. ಹಾಗಾದರೆ ಒಂದೇ ಡಿಶ್ಶಿನಿಂದ ಎರಡನ್ನೂ ಹಿಡಿಯಬಹುದೆ? ಹಿಡಿಯಬಹುದು. ಹೇಗೆಂಬುದನ್ನು ವಿಜ್ಞಾನ ಓದದ ನನ್ನಂಥ ಸಹಪಾಠಿಗಳಿಗೂ ತಿಳಿಯುವಂತೆ ಹೇಳಲು ಯತ್ನಿಸುತ್ತೇನೆ.

ಈ ಉಪಗ್ರಹಗಳು ಭೂಮಧ್ಯರೇಖೆಯ ನೇರಕ್ಕೆ, ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಆ ಎತ್ತರದಲ್ಲಿ ಒಂದು ಸುತ್ತಿಗೆ ಹಿಡಿಯುವ ಕಾಲವೂ ಭೂಮಿ ತನ್ನ ಸುತ್ತ ತಾನು ತಿರುಗುವ ಕಾಲವೂ ಒಂದೇ ಆದುದರಿಂದ, ನಮ್ಮ ಕಣ್ಣಿಗೆ ಅವು ಆಕಾಶದಲ್ಲಿ ಮೊಳೆ ಹೊಡೆದಂತೆ ನಿಂತಿರುತ್ತವೆ. ಇಂಥ ಕಕ್ಷೆಯಿಂದ ಲೋಕಕ್ಕೆಲ್ಲ ಸಂದೇಶ ಬೀರಬಹುದೆಂದು ಆರ್ಥರ್ ಕ್ಲಾರ್ಕ್ 1945ರಲ್ಲಿಯೇ ಬರೆದರು. ಮೂವತ್ತು ವರ್ಷದ ಮೇಲೆ, 1975-76ರ ‘ಸೈಟ್’ ಪ್ರಯೋಗದಲ್ಲಿ, ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗರು ಕೋಳಿಗೂಡಿನ ಬಲೆಯಿಂದ ಮಾಡಿದ, ಸುಮಾರು ಮೂರು ಮೀಟರ್ ಅಗಲದ ಡಿಶ್ಶುಗಳ ಮೂಲಕ ಉಪಗ್ರಹದ ಕಾರ್ಯಕ್ರಮ ನೋಡಿದರು. ಇಂದಿನ ಡಿಶ್ಶಿಗೆ 60 ಸೆಂಟಿಮೀಟರ್ ಸಾಕು. ಜಿಸ್ಯಾಟ್-15ನ್ನು ಅದರ ಸ್ಥಾನದಲ್ಲಿ ಕಾಯ್ದಿಡುವ ನಿಯಂತ್ರಣ ಕೇಂದ್ರವಿರುವುದು ನಮ್ಮ ಹಾಸನದಲ್ಲಿಯೇ ಎಂಬುದನ್ನೂ ಇಲ್ಲಿ ನೆನೆಯಬಹುದು.

ಇನ್ನು ಡಿಶ್ಶಿನ ಗುಟ್ಟು. ಅದರ ಮೈ ಪರವಲಯದ ಆಕಾರದ್ದು. ನೇರವಾಗಿ ಬಂದು ಬಿದ್ದ ಅಲೆಗಳೆಲ್ಲ ಪ್ರತಿಫಲಿಸಿ ನಾಭಿ ಎಂಬ ಒಂದು ಬಿಂದುವಿನಲ್ಲಿ ಕೂಡುತ್ತವೆ. ಅಲ್ಲಿ ತೋಳಿನ ತುದಿಯಲ್ಲಿ ಕುಳಿತಿರುವುದೇ ಎಲ್.ಎನ್.ಬಿ. ಅದು ಕ್ಷೀಣವಾದ ಅಲೆಯನ್ನು ಹಿಗ್ಗಿಸಿ, ಕೇಬಲ್ಲಿನಲ್ಲಿ ಹರಿಯಬಲ್ಲ ಕೆಳಗಿನ ಆವರ್ತನಕ್ಕೆ ಇಳಿಸಿ, ಒಳಗಿನ ಸೆಟ್‌ಟಾಪ್ ಬಾಕ್ಸಿಗೆ ಕಳಿಸುತ್ತದೆ. ಆದರೆ ಓರೆಯಾಗಿ ಬಂದ ಅಲೆಗಳು ಏನಾಗುತ್ತವೆ? ಅವು ವ್ಯರ್ಥವಾಗುವುದಿಲ್ಲ, ನಾಭಿಯ ಪಕ್ಕದಲ್ಲಿ, ತುಸು ಚೆದುರಿದಂತೆ, ಇನ್ನೊಂದೆಡೆ ಕೂಡುತ್ತವೆ. ಅಲ್ಲಿ ಎರಡನೆಯ ಎಲ್.ಎನ್.ಬಿ.ಯನ್ನಿಟ್ಟರೆ ಎರಡನೆಯ ಉಪಗ್ರಹ ಸಿಕ್ಕಿತು! ಇಡೀ ಉಪಾಯ ಇಷ್ಟೇ.

ಎಲ್ಲಿ ಇಡಬೇಕೆಂಬುದೇ ಕಷ್ಟದ ಮಾತು. ಯೂರೋಪಿನವರು ಬಹುಕಾಲದಿಂದ 13 ಮತ್ತು 19.2 ಡಿಗ್ರಿಗಳ ಉಪಗ್ರಹಗಳನ್ನು ಹೀಗೆ ಜೊತೆಯಾಗಿ ಹಿಡಿಯುತ್ತಾರೆ. ಅವರ ಚಿತ್ರಗಳಲ್ಲಿ ಎರಡು ಎಲ್.ಎನ್.ಬಿ.ಗಳು ಹೆಚ್ಚುಕಡಿಮೆ ಸಮನಾಗಿ ಅಕ್ಕಪಕ್ಕ ಕುಳಿತಿರುತ್ತವೆ. ಅದನ್ನೇ ನಂಬಿ ಇಲ್ಲಿ ಕಟ್ಟಿದರೆ ಏನೂ ಸಿಗದು. ಅವರಿಗೆ ಉಪಗ್ರಹಗಳ ಸಾಲು ದಕ್ಷಿಣದಲ್ಲಿ ತಗ್ಗಾಗಿ ಮಲಗಿದ ಕಮಾನು; ನಮಗಾದರೋ ಅದು ನೆತ್ತಿಯ ಸಮೀಪದಿಂದ ಪೂರ್ವಕ್ಕೆ ಕಡಿದಾಗಿ ಇಳಿಯುತ್ತದೆ. ಶಿವಮೊಗ್ಗದಿಂದ ಲೆಕ್ಕ ಹಾಕಿದರೆ 83 ಡಿಗ್ರಿಯ ಉಪಗ್ರಹ ದಿಗಂತದಿಂದ ಸುಮಾರು 71 ಡಿಗ್ರಿ ಮೇಲಿದೆ, 93.5ರದು ಸುಮಾರು 64 ಡಿಗ್ರಿ ಮೇಲೆ, ಅದೂ ಇನ್ನಷ್ಟು ಪೂರ್ವಕ್ಕೆ. ನಮ್ಮ ಕಣ್ಣಿಗೆ ಇವೆರಡರ ನಡುವಣ ಅಂತರ ಸುಮಾರು 12 ಡಿಗ್ರಿ.

ಕನ್ನಡಿಯಲ್ಲಿ ಎಲ್ಲವೂ ತಿರುಗುಮುರುಗು ಎಂಬುದನ್ನು ಮರೆಯಬಾರದು. ಡಿಶ್ಶಿನ ಹಿಂದೆ ನಿಂತು ಅದು ನೋಡುವ ಕಡೆಗೇ ನೋಡಿರಿ. ಎರಡನೆಯ ಉಪಗ್ರಹ ಎಡಕ್ಕೆ, ಕೆಳಗೆ ಇದೆ. ಆದುದರಿಂದ ಅದರ ಎಲ್.ಎನ್.ಬಿ. ಬಲಕ್ಕೆ, ಮೇಲೆ ಇರಬೇಕು. 60 ಸೆಂಟಿಮೀಟರಿನ ಸಾಮಾನ್ಯ ಡಿಶ್ಶಿನಲ್ಲಿ ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಎಂಟೊಂಬತ್ತು ಸೆಂಟಿಮೀಟರ್. ತೋಳಿಗೆ ಒಂದು ತಗಡಿನ ಪಟ್ಟಿ, ಒಂದು ಕ್ಲಾಂಪು ಇದ್ದರೆ ಆಯಿತು. ಬಳಿಕ ಬಾಕ್ಸಿನ ಸಿಗ್ನಲ್ ಪಟ್ಟಿಯನ್ನು ಒಬ್ಬರು ಒಳಗಿನಿಂದ ಕೂಗಿ ಹೇಳುತ್ತಿರಬೇಕು, ಇನ್ನೊಬ್ಬರು ಏಣಿಯ ಮೇಲಿಂದ ಕೂದಲೆಳೆಯಷ್ಟು ಸರಿಸುತ್ತಿರಬೇಕು. ನಮ್ಮಲ್ಲಿ ಕೂಗುವ ಕೆಲಸ ತಂಗಿಯದಾಯಿತು. ಅಲೆಗಳು ಅಡ್ಡ ಮತ್ತು ಉದ್ದ ಎಂಬ ಎರಡು ಬಗೆಯಲ್ಲಿ ಕಂಪಿಸುವುದರಿಂದ ಎಲ್.ಎನ್.ಬಿ.ಯನ್ನು ಅದರ ಬಳೆಯೊಳಗೆ ತಿರುಚಿಯೂ ನೋಡಬೇಕು. ನಮ್ಮೂರಿನಲ್ಲಿ ಈ ಎರಡರ ತಿರುಚು ಒಂದಕ್ಕೊಂದು 20 ಡಿಗ್ರಿಗೂ ಮಿಗಿಲಾಗಿ ಬೇರೆ.

ಎರಡು ಬಾಕ್ಸುಗಳಿದ್ದರೆ ಎರಡು ಕೇಬಲ್ ಎಳೆದರಾಯಿತು. ಉಚಿತ ಚಾನೆಲ್ಲುಗಳ ಒಂದೇ ಬಾಕ್ಸಿನಿಂದ ಎರಡು ಉಪಗ್ರಹ ನೋಡುವವರಿಗೆ ಮಾತ್ರ ‘ಡೈಸೆಕ್’ ಎಂಬ ಸಣ್ಣ ಸ್ವಿಚ್ಚು ಬೇಕು. ಬಾಕ್ಸು ಕೇಬಲ್ಲಿನಲ್ಲೇ ಕಳಿಸುವ ಸಂಜ್ಞೆಯಂತೆ ಅದು ಈ ಎಲ್.ಎನ್.ಬಿ.ಯನ್ನೋ ಆ ಎಲ್.ಎನ್.ಬಿ.ಯನ್ನೋ ಕೂಡಿಸುತ್ತದೆ. ಇಷ್ಟಾದರೂ ಹಣದ ಚಾನೆಲ್ಲಿಗೆ ಹಣ ಕಟ್ಟಲೇಬೇಕು. ಡಿಶ್ ಅಲೆಯನ್ನು ಹಿಡಿಯುತ್ತದೆ, ಬೀಗವನ್ನು ತೆಗೆಯುವುದಿಲ್ಲ.

ಕೊನೆಯದಾಗಿ, ನಾಭಿಯ ಸ್ಥಾನ ಯಾರಿಗೆ? ಪಕ್ಕದ ಎಲ್.ಎನ್.ಬಿ.ಗೆ ದೊರೆಯುವ ಬಲ ಕಡಿಮೆ. ಬಿಸಿಲಿನಲ್ಲಿ ಅದು ತಿಳಿಯುವುದಿಲ್ಲ. ಆಷಾಢದ ಮಳೆ ಹಿಡಿದಾಗ ಈ ಆವರ್ತನದ ಅಲೆಗಳನ್ನು ನೀರಹನಿ ನುಂಗುವುದರಿಂದ ಮೊದಲು ನಿಲ್ಲುವುದು ಅದೇ. ಪಾಠವೇ ನಡುವಿನಲ್ಲಿರಲಿ ಎಂದು ನಾನು ಮೊದಲು ವಾದಿಸಿದ್ದುಂಟು. ಆದರೆ ಸ್ವಯಂ ಪ್ರಭಾದ ಏರ್ಪಾಡಿನಲ್ಲಿ ದಿನಕ್ಕೆ ನಾಲ್ಕು ಗಂಟೆಯ ಹೊಸ ಪಾಠ ಅದೇ ದಿನ ಮತ್ತೆ ಐದು ಬಾರಿ ಮರುಪ್ರಸಾರವಾಗುತ್ತದೆ. ಮಳೆ ಬಿಟ್ಟ ಮೇಲೆ ನೋಡಿದರೂ ನಡೆಯುತ್ತದೆ. ಅಮ್ಮ ಅಡಿಗೆಮನೆಯಿಂದ ಬಿಡುವಾಗಿ ಬಂದು ಕೂರುವುದೋ ಸಂಜೆಯ ಆ ಒಂದು ಗಂಟೆ ಮಾತ್ರ. ಆದುದರಿಂದ ನಾಭಿ ಅಮ್ಮನದು, ಪಕ್ಕದ ಸ್ಥಾನ ನನ್ನದು.