ಔಷಧಿ ಡಬ್ಬಕ್ಕೆ ಬೀಗ, ಮಗುವಿಗೆ ರಕ್ಷೆ

ರೈತ ಬಾಂಧವರೇ, ಬೆಳೆಗೆ ಸಿಂಪಡಿಸಿ ಉಳಿದ ಔಷಧಿಯನ್ನು ಮಂಚದಡಿಯಲ್ಲೋ ಗೋಡೆಗೂಡಿನಲ್ಲೋ ಇಡುತ್ತೀರಾ? ಅಂಬೆಗಾಲಿಡುವ ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ. ಡಬ್ಬದ ಮೇಲಿನ ಕೆಂಪು ತ್ರಿಕೋನ ಘೋರ ವಿಷದ ಗುರುತು. ಹಸಿರಿದ್ದರೂ ಅದು ಮಗುವಿನ ಬಾಯಿಗೆ ಹೋಗಬಾರದ್ದೇ. ಔಷಧಿಯನ್ನು ಕಾಳುಕಡಿ, ಮೇವುಗಳಿಂದ ದೂರ, ಬೀಗ ಹಾಕಿದ ಪೆಟ್ಟಿಗೆಯಲ್ಲಿಡಿ. ಅದನ್ನಾಗಲಿ ಸೀಮೆಎಣ್ಣೆಯನ್ನಾಗಲಿ ಶರಬತ್ತಿನ ಸೀಸೆಗೆ ಸುರಿದಿಡಬೇಡಿ. ಮಗು ಸೀಸೆಯನ್ನು ಗುರುತಿಸುತ್ತದೆ, ವಿಷವನ್ನಲ್ಲ. ಖಾಲಿ ಡಬ್ಬ ಎಷ್ಟು ತೊಳೆದರೂ ಮನೆಬಳಕೆಗೆ ಬೇಡ.

ಮಗು ಕುಡಿದೇಬಿಟ್ಟರೆ ತಡಮಾಡದೆ 108ಕ್ಕೆ ಫೋನು ಮಾಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ವಾಂತಿಯಾಗುವಾಗ ಸೀಮೆಎಣ್ಣೆ ಶ್ವಾಸಕೋಶಕ್ಕಿಳಿದರೆ ಅಪಾಯ ಇನ್ನೂ ಹೆಚ್ಚು. ಮೈಮೇಲೆ ಚೆಲ್ಲಿದ್ದರೆ ಬಟ್ಟೆ ಕಳಚಿ, ಸೋಪು ಹಚ್ಚಿ ತೊಳೆಯಿರಿ. ಡಬ್ಬವನ್ನೂ ಆಸ್ಪತ್ರೆಗೆ ಒಯ್ಯಿರಿ. ಅದರ ಚೀಟಿ ನೋಡಿದರೆ ವೈದ್ಯರಿಗೆ ಯಾವ ವಿಷವೆಂದು ಕೂಡಲೇ ತಿಳಿಯುತ್ತದೆ.